ಗೆಳೆಯರು ಬಾಗಿಲಲ್ಲಿ, ಸಾಮಾನು ಇನ್ನೂ ಕಪಾಟಿನಲ್ಲಿ

ಊರು ಬದಲಾಯಿಸುವವರು ಕಳಿಸುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಬರೆಯುವವರು ಬೇರೆ, ಮನೆ ಬೇರೆ, ವಿಷಯ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ನನಗೂ ಸಾಕಾಗಿದೆ. ಹಾಗಾಗಿ ಈ ಸಲ ಅದನ್ನೇ ಹಿಡಿದು ಕೂರುತ್ತೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಸಿಗುವುದು ನಾಲ್ಕು ಸಾಲು. ಡಬ್ಬಕ್ಕೆ ಟೇಪ್ ಹಚ್ಚುವುದು, ಗಾಜಿನ ಲೋಟಕ್ಕೆ ಕಾಗದ ಸುತ್ತುವುದು ಎಲ್ಲರಿಗೂ ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಕೆಲಸಕ್ಕಾಗಿ ಬೇರೆ ಊರಿಗೆ ಹೋಗುತ್ತಿದ್ದೇನೆ. ಎರಡು ಕೋಣೆಯ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಸಾಗಣೆಯವರಿಗೆ ಯಾಕೆ ದುಡ್ಡು ಸುರಿಯುತ್ತೀಯ, ನಾವಿದ್ದೇವೆ ಎಂದು ಐದಾರು ಗೆಳೆಯರು ಹೇಳಿದ್ದಾರೆ. ಭಾನುವಾರ ಬೆಳಗ್ಗೆ ಶುರು ಮಾಡಿದರೆ ಸಂಜೆಯೊಳಗೆ ಲಾರಿ ಹೊರಡುತ್ತಾ?

ಹೊರಡುವುದಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಗೆಳೆಯರ ಬಗ್ಗೆ ಬರೆದಿದ್ದೀರಿ, ಮಹಡಿ ಬಗ್ಗೆ ಬರೆದಿದ್ದೀರಿ, ಪ್ಯಾಕಿಂಗ್ ಬಗ್ಗೆ ಒಂದು ಮಾತಿಲ್ಲ. ಅಂದರೆ ಅದನ್ನೂ ಭಾನುವಾರಕ್ಕೇ ಇಟ್ಟುಕೊಂಡಿದ್ದೀರಿ.

ಆ ಭಾನುವಾರ ಹೇಗಿರುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಒಂಬತ್ತಕ್ಕೆ ಬರುತ್ತೇವೆ ಎಂದವರು ಹತ್ತಕ್ಕೆ ಬರುತ್ತಾರೆ. ಒಬ್ಬ ಅಡುಗೆಮನೆಯಿಂದ ಹಿಡಿ ಮುರಿದ ಬಾಣಲೆ ಎತ್ತಿ ತೋರಿಸಿ "ಇದು ಬೇಕಾ, ಬೇಡ್ವಾ?" ಎಂದು ಕೂಗುತ್ತಾನೆ. ನೀವು ಮಲಗುವ ಕೋಣೆಯಲ್ಲಿ ಮಂಚದ ಬೋಲ್ಟ್ ಬಿಚ್ಚುತ್ತಿರುತ್ತೀರಿ. ಎದ್ದು ಹೋಗಿ ನೋಡಿ, ಯೋಚಿಸಿ, "ಇರಲಿ" ಅನ್ನುತ್ತೀರಿ. ವಾಪಸ್ ಬರುವಷ್ಟರಲ್ಲಿ ಬೋಲ್ಟ್ ಎಲ್ಲಿಟ್ಟಿರಿ ಎಂಬುದು ಮರೆತಿರುತ್ತದೆ. ಇನ್ನೊಬ್ಬ ನಿಮ್ಮ ಹಳೇ ಫೋಟೊ ಹಿಡಿದು ಕೂತಿರುತ್ತಾನೆ. ಟೇಪ್ ಮುಗಿದು ಮತ್ತೊಬ್ಬ ಅಂಗಡಿ ಹುಡುಕಿಕೊಂಡು ಹೋಗಿರುತ್ತಾನೆ. ಹನ್ನೆರಡಾದರೂ ಲಾರಿಗೆ ಏರಿದ್ದು ಎರಡು ಕುರ್ಚಿ. ಮಧ್ಯಾಹ್ನ ಊಟ ಆದಮೇಲೆ ಇಬ್ಬರಿಗೆ ಮನೆಯಿಂದ ಫೋನ್ ಬರುತ್ತದೆ. ಅವರ ತಪ್ಪೇನಿಲ್ಲ, ಅವರು ಅರ್ಧ ದಿನ ಕೊಟ್ಟಾಗಿದೆ. ಸಂಜೆ ಆರಕ್ಕೆ ಉಳಿಯುವುದು ಸುಸ್ತಾದ ಮೂರು ಜನ, ಕತ್ತಲಾಗುತ್ತಿರುವ ಮೆಟ್ಟಿಲು ಮತ್ತು ಫ್ರಿಜ್.

ಅಪಘಾತ ಆಗುವುದೇ ಆಗ. ಬೆಳಗ್ಗೆ ಮೈಯಲ್ಲಿ ಕಸುವಿದ್ದಾಗ ಇಳಿಸಬೇಕಾದದ್ದನ್ನು ಸಂಜೆಗೆ ಉಳಿಸಿಕೊಂಡಿದ್ದಕ್ಕೆ ಕಾರಣ ಆ ಬಾಣಲೆ. ಗೆಳೆಯರು ಹೊರಬಲ್ಲರು, ಇಳಿಸಬಲ್ಲರು. ಯಾವುದು ಬೇಕು, ಯಾವುದು ಬೇಡ ಎಂದು ನಿಮ್ಮ ಪರವಾಗಿ ತೀರ್ಮಾನ ಮಾಡಲಾರರು. ಆದ್ದರಿಂದ ಅವರು ಬೆಲ್ ಒತ್ತುವ ಹೊತ್ತಿಗೆ ಕಪಾಟುಗಳು ಖಾಲಿ ಇರಬೇಕು, ಪ್ರತಿ ಡಬ್ಬಕ್ಕೂ ಟೇಪ್ ಬಿದ್ದಿರಬೇಕು. ಮಂಚ ಬಿಚ್ಚಿ, ಅದರ ಬೋಲ್ಟುಗಳನ್ನು ಚೀಲಕ್ಕೆ ಹಾಕಿ, ಚೀಲವನ್ನು ಮಂಚದ ಕಾಲಿಗೇ ಕಟ್ಟಿರಬೇಕು. ಡಬ್ಬದಲ್ಲಿ ಏನಿದೆ, ಯಾವ ಕೋಣೆಗೆ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಮೇಲೆ ಬರೆದರೆ, ಅದರ ಮೇಲೆ ಇನ್ನೊಂದು ಡಬ್ಬ ಕೂತ ಕೂಡಲೇ ಬರೆದದ್ದು ವ್ಯರ್ಥ. ವಾರದ ರಾತ್ರಿಗಳು ಇರುವುದೇ ಇದಕ್ಕೆ. ಗೆಳೆಯರಲ್ಲಿ ಒಬ್ಬರನ್ನು ಶುಕ್ರವಾರ ಕರೆದು ಜೊತೆಗೆ ಕೂರಿಸಿಕೊಳ್ಳಿ, ತಪ್ಪಿಲ್ಲ. ಆರು ಜನರನ್ನು ನಿಲ್ಲಿಸಿಕೊಂಡು ಪ್ಯಾಕಿಂಗ್ ಮಾಡಬೇಡಿ.

ಇನ್ನು ತೂಕ. ದೊಡ್ಡ ಡಬ್ಬ ಸಿಕ್ಕಿತು ಎಂದು ಪುಸ್ತಕ ತುಂಬುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 500 ಹಾಳೆಯ ಸಾಮಾನ್ಯ ಎ4 ಕಾಗದದ ಕಟ್ಟೇ ಸುಮಾರು ಎರಡೂವರೆ ಕೆಜಿ. ಉದ್ದ, ಅಗಲ, ಎತ್ತರ ಮೂರೂ ಒಂದೂವರೆ ಅಡಿ ಇರುವ ಡಬ್ಬಕ್ಕೆ ಪುಸ್ತಕ ಜಡಿದರೆ 50 ಕೆಜಿ ದಾಟುತ್ತದೆ. ಒಂದೋ ತಳ ಕಳಚುತ್ತದೆ, ಇಲ್ಲ ಎತ್ತಿದವರ ಬೆನ್ನು ಹೋಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ 1991ರಲ್ಲಿ ಪರಿಷ್ಕರಿಸಿದ ಲೆಕ್ಕ ಒಂದಿದೆ. ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತಬಹುದಾದದ್ದು 23 ಕೆಜಿ. ಅನುಕೂಲ ಎಂದರೆ ವಸ್ತು ಮೈಗೆ ಅಂಟಿಕೊಂಡಿರಬೇಕು, ಸೊಂಟಕ್ಕಿಂತ ಸ್ವಲ್ಪ ಕೆಳಗಿನ ಎತ್ತರದಲ್ಲಿರಬೇಕು, ಹಿಡಿತ ಚೆನ್ನಾಗಿರಬೇಕು, ಮೈ ತಿರುಚಬಾರದು. ಅದೇ ವಸ್ತು ನೆಲದ ಮೇಲಿದ್ದು, ಮೈಯಿಂದ 40 ಸೆಂಟಿಮೀಟರ್ ಮುಂದಿದ್ದರೆ ಆ ಲೆಕ್ಕ 10–11 ಕೆಜಿಗೆ ಇಳಿಯುತ್ತದೆ. ಮನೆ ಖಾಲಿ ಮಾಡುವಾಗ ಡಬ್ಬಗಳು ಇರುವುದೇ ನೆಲದ ಮೇಲೆ, ಅಲ್ವಾ? ಪುಸ್ತಕ, ಪಾತ್ರೆ, ಸ್ಪ್ಯಾನರ್-ಸುತ್ತಿಗೆಗಳಿಗೆ ಚಿಕ್ಕ ಡಬ್ಬ. ದಿಂಬು, ಬಟ್ಟೆ, ಹೊದಿಕೆಗೆ ದೊಡ್ಡದು. ತುಂಬಿದ ಮೇಲೆ ನೀವೇ ಒಮ್ಮೆ ಎತ್ತಿ ನೋಡಿ. ನಿಮ್ಮ ಬಾಯಿಂದ 'ಉಸ್' ಬಂದರೆ ಅರ್ಧ ಖಾಲಿ ಮಾಡಿ.

ಈಗ ಫ್ರಿಜ್. ದೊಡ್ಡ ಫ್ರಿಜ್ ಆದರೆ 60–70 ಕೆಜಿ ತೂಗುವುದುಂಟು. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಅಷ್ಟೇ ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. ಹಿಂಡುವಾಗ ಕುಣಿಯದಿರಲಿ ಎಂದು ಹೆಚ್ಚಿನವುಗಳ ಒಳಗೆ ಕಾಂಕ್ರೀಟ್ ತುಂಡೇ ಇರುತ್ತದೆ. ನನ್ನ ಸಲಹೆ ಸ್ವಲ್ಪ ಹೆದರುಪುಕ್ಕಲನದ್ದು ಅನ್ನಿಸಬಹುದು, ಅನ್ನಿಸಲಿ. ಇವೆರಡನ್ನೂ, ಬಿಚ್ಚಲಾಗದ ದೊಡ್ಡ ಬೀರುವನ್ನೂ ಇಳಿಸುವುದಕ್ಕೆ ಇಬ್ಬರು ಹಮಾಲರನ್ನು ಒಂದೆರಡು ಗಂಟೆಗೆ ಕರೆಯಿರಿ. ಉಳಿದದ್ದು ಗೆಳೆಯರಿಗೆ. ಹೀಗೆ ಮಾಡಿದರೂ ನಿಮ್ಮ ದುಡ್ಡು ಉಳಿಯುತ್ತದೆ. "ನಮ್ಮಲ್ಲೊಬ್ಬ ದಿನಾ ಜಿಮ್‌ಗೆ ಹೋಗ್ತಾನೆ ಸಾರ್" ಎಂಬ ಮಾತು ಬರುತ್ತದೆ ಎಂದು ಗೊತ್ತು. ಜಿಮ್‌ನ ರಾಡ್‌ಗೆ ಹಿಡಿತ ಇದೆ, ಎರಡೂ ಕಡೆ ಸಮ ತೂಕ ಇದೆ, ಕಾಲ ಕೆಳಗೆ ಸಮತಟ್ಟು ನೆಲ ಇದೆ. ಮೆಟ್ಟಿಲ ತಿರುವಿನಲ್ಲಿ ಫ್ರಿಜ್ ಹಿಡಿದು ನಿಂತವನಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೂ ನೀವೇ ಇಳಿಸುವುದಾದರೆ ಕೇಳಿ. ಒಳಗಿನ ಗಾಜಿನ ತಟ್ಟೆಗಳನ್ನು ತೆಗೆಯಿರಿ, ಹಿಂದಿನ ಟ್ರೇನಲ್ಲಿ ನಿಂತ ನೀರು ಚೆಲ್ಲಿ, ಬಾಗಿಲನ್ನು ಪಟ್ಟಿಯಿಂದ ಬಿಗಿಯಿರಿ. ಬಾಗಿಲ ಹಿಡಿಯನ್ನು ಹಿಡಿದು ಎತ್ತಬೇಡಿ, ಅದು ಬಾಗಿಲು ತೆರೆಯಲು ಮಾತ್ರ. ಮೆಟ್ಟಿಲಲ್ಲಿ ವಾಲಿದಾಗ ಹೆಚ್ಚು ತೂಕ ಬರುವುದು ಕೆಳಗೆ ನಿಂತವನ ಮೇಲೆ, ಆದ್ದರಿಂದ ಗಟ್ಟಿ ಆಳು ಕೆಳಗಿರಲಿ. ಕೆಳಗಿನವನಿಗೆ ತನ್ನ ಹಿಂದಿನ ಮೆಟ್ಟಿಲು ಕಾಣುವುದಿಲ್ಲ. ಅವನಿಗೆ ದಾರಿ ಹೇಳಲು ಮೂರನೆಯವನೊಬ್ಬ ಪಕ್ಕದಲ್ಲಿರಲಿ, ಮಾತನಾಡುವವನು ಅವನೊಬ್ಬನೇ ಆಗಿರಲಿ. "ಮೆಟ್ಟಿಲು", "ನಿಲ್ಲು", "ಇಡು", ಈ ಮೂರು ಮಾತು ಸಾಕು. ನಾಲ್ಕು ಜನ ನಾಲ್ಕು ಸಲಹೆ ಕೂಗಿದಾಗಲೇ ಕಾಲು ತಪ್ಪುವುದು. ಕೆಳಗಿನ ಮೆಟ್ಟಿಲಲ್ಲಿ ಮಕ್ಕಳಾಗಲಿ, ಕುತೂಹಲದ ಪಕ್ಕದ ಮನೆಯವರಾಗಲಿ ಇರಕೂಡದು.

ಎತ್ತುವ ಮೊದಲು ನೀವೇ ಬಾಯಿಬಿಟ್ಟು ಒಂದು ಮಾತು ಹೇಳಿ: "ಜಾರಿದರೆ ಬಿಟ್ಟುಬಿಡಿ, ಪಕ್ಕಕ್ಕೆ ಸರಿಯಿರಿ." ಮನೆಯ ಯಜಮಾನ ಹೇಳದಿದ್ದರೆ ಗೆಳೆಯರು ಬಿಡುವುದಿಲ್ಲ. ನಿಮ್ಮ ವಸ್ತು ಒಡೆಯಬಾರದು ಎಂದು ಮೈ ಒಡ್ಡುತ್ತಾರೆ. ಸಂಬಳಕ್ಕೆ ಬಂದವನು ಹಾಗೆ ಮಾಡುವುದಿಲ್ಲ, ಅವನಿಗೆ ನಾಳೆಯೂ ಕೆಲಸವಿದೆ.

ಹಾಗೆಯೇ ಮೊದಲೇ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಬೆನ್ನು, ಮಂಡಿ, ಹರ್ನಿಯಾ ಏನಾದರೂ ಇದೆಯಾ ಎಂದು ಕೇಳಿ. ಎಲ್ಲರ ಎದುರು ಕೇಳಿದರೆ ಯಾರೂ ಹೇಳುವುದಿಲ್ಲ. ಇದೆ ಎಂದವರನ್ನು ಲಾರಿಯ ಹತ್ತಿರ ನಿಲ್ಲಿಸಿ. ಏರಿದ ಡಬ್ಬ ಎಣಿಸುವುದಕ್ಕೂ, ಬಾಗಿಲು ತೆರೆದಿಟ್ಟ ಲಾರಿ ಕಾಯುವುದಕ್ಕೂ ಒಬ್ಬರು ಬೇಕೇ ಬೇಕು. ಭಾರದ ಸಾಮಾನು ಡ್ರೈವರ್ ಕ್ಯಾಬಿನ್ ಕಡೆಗೆ, ತಳದಲ್ಲಿ. ಹಗುರವಾದದ್ದು ಮೇಲೆ. ಎರಡು ಮೂರು ಅಡಿಗೊಮ್ಮೆ ಹಗ್ಗ ಬಿಗಿಯಿರಿ.

ಕೊನೆಗೆ, ನೀವು ಯೋಚಿಸಿಯೇ ಇಲ್ಲದ ಸಂಗತಿ. ಆರು ಜನ ಸೇರಿ ಏರಿಸಿದಿರಿ, ಸರಿ. ಆ ಊರಿನಲ್ಲಿ ಇಳಿಸುವವರು ಯಾರು? ಗೆಳೆಯರು ಇಲ್ಲೇ ಕೈಬೀಸಿ ಮನೆಗೆ ಹೋಗಿರುತ್ತಾರೆ. ಅಲ್ಲಿ ನೀವು, ಡ್ರೈವರ್, ಹೆಚ್ಚೆಂದರೆ ರಜೆ ಹಾಕಿ ಬಂದ ಒಬ್ಬ ಪರಿಚಯದವರು. ಲಾರಿ ನಿಂತಷ್ಟು ಹೊತ್ತೂ ಕಾಯುವ ಬಾಡಿಗೆ ಏರುತ್ತದೆ. ಒಂದೇ ಕಡೆಗೆ ಆಳು ಇಡಲು ದುಡ್ಡಿದ್ದರೆ ಅದನ್ನು ಹೊಸ ಊರಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು, ಮಂಡಿ ಬಗ್ಗಿಸಿ ಎತ್ತಿದರೆ ಏನೂ ಆಗಲ್ಲ ಅಂತಾರಲ್ಲ?

ಬೆಲ್ಟ್ ಮಾರುವವರು ಅಂತಾರೆ. ಆರೋಗ್ಯವಂತರಿಗೆ ಬೆಲ್ಟ್‌ನಿಂದ ಬೆನ್ನಿನ ಪೆಟ್ಟು ತಪ್ಪುತ್ತದೆ ಎಂಬುದಕ್ಕೆ ಸಾಕ್ಷ್ಯವಿಲ್ಲ ಎಂದು ನಯೋಶ್ 1994ರಲ್ಲೇ ಹೇಳಿದೆ. 2000ದಲ್ಲಿ ಪ್ರಕಟವಾದ, ಅಂಗಡಿಗಳಲ್ಲಿ ಸಾಮಾನು ಎತ್ತುವ ಕೆಲಸಗಾರರ ದೊಡ್ಡ ಅಧ್ಯಯನದಲ್ಲೂ ಕಟ್ಟಿದವರಿಗೂ ಕಟ್ಟದವರಿಗೂ ವ್ಯತ್ಯಾಸ ಕಾಣಲಿಲ್ಲ. ಬೆಲ್ಟ್ ಇದೆ ಎಂಬ ಧೈರ್ಯಕ್ಕೆ ಇನ್ನೊಂದು ಡಬ್ಬ ಜಾಸ್ತಿ ಹೊರುತ್ತಾರೆ, ಅಷ್ಟೇ. ಮಂಡಿ ಬಗ್ಗಿಸುವುದು ಒಳ್ಳೆಯದೇ, ಆದರೆ ಅದೇನು ಮಂತ್ರವಲ್ಲ. ತೂಕ ಇಳಿಸಿ, ವಸ್ತುವನ್ನು ಮೈಗೆ ಹತ್ತಿರ ಹಿಡಿಯಿರಿ. ಸೊಂಟ ಹಿಡಿದುಕೊಂಡರೆ "ಒಂದೇ ಏಟಿಗೆ ಕೂರಿಸುತ್ತೇನೆ" ಎನ್ನುವವರ ಕೈಗೆ ಬೆನ್ನು ಕೊಡಬೇಡಿ. ಕಾಲು ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಆಗಿಂದಾಗಲೇ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಫ್ರಿಜ್ ಮಲಗಿಸಿ ಒಯ್ದರೆ ಗ್ಯಾಸ್ ಸೋರಿಹೋಗುತ್ತದೆಯಂತೆ, ಹೌದಾ?

ಗ್ಯಾಸ್ ಎಲ್ಲೂ ಹೋಗುವುದಿಲ್ಲ. ಕಂಪ್ರೆಸರ್‌ನ ಎಣ್ಣೆ ಪೈಪುಗಳಿಗೆ ಹರಿಯುತ್ತದೆ, ತೊಂದರೆ ಅದು. ನಿಲ್ಲಿಸಿಯೇ ಒಯ್ಯಿರಿ. ಬೇರೆ ದಾರಿಯೇ ಇಲ್ಲದೆ ಮಲಗಿಸಿದ್ದರೆ, ಇಳಿಸಿದ ಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಿ. ರಾತ್ರಿಯಿಡೀ ಮಲಗಿ ಬಂದಿದ್ದರೆ ಒಂದು ದಿನ ಬಿಡಿ.

ಪ್ರಶ್ನೆ: ಒಬ್ಬರು ಫೋನಿನಲ್ಲೇ ಉಳಿದವರಿಗಿಂತ ಅರ್ಧ ರೇಟು ಹೇಳಿದ್ದಾರೆ. ಒಪ್ಪಿಕೊಳ್ಳಲಾ?

ಸಾಮಾನು ನೋಡದೆ ರೇಟು ಹೇಳಿದವರು ದರ ಹೇಳಿಲ್ಲ, ಗಾಳ ಹಾಕಿದ್ದಾರೆ. ನಿಮ್ಮ ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಉಳಿದರ್ಧವನ್ನೂ, ಅದರ ಮೇಲೊಂದಿಷ್ಟನ್ನೂ ಕೇಳುತ್ತಾರೆ. ಕಚೇರಿಯ ವಿಳಾಸ ಇಲ್ಲ, ಬರಹದಲ್ಲಿ ಏನೂ ಇಲ್ಲ, ಪೂರ್ತಿ ಹಣ ಮುಂಗಡ ಬೇಕು ಅಂದರೆ ಫೋನ್ ಇಟ್ಟುಬಿಡಿ.

ಪ್ರಶ್ನೆ: ಆ ಊರಿನಲ್ಲಿರುವ ಗೆಳತಿ ವಿಡಿಯೋದಲ್ಲಿ ಮನೆ ತೋರಿಸಿದಳು. ಚೆನ್ನಾಗಿದೆ. ಮುಂಗಡ ಕಳಿಸಬಹುದಾ?

ವಿಡಿಯೋದಲ್ಲಿ ಎಲ್ಲ ಮನೆಯೂ ಚೆನ್ನಾಗಿರುತ್ತದೆ. ಗೆಳತಿಯನ್ನು ಇನ್ನೊಮ್ಮೆ ಕಳಿಸಿ, ಈ ಸಲ ಕತ್ತಲಾದ ಮೇಲೆ. ಎಲ್ಲ ನಲ್ಲಿ ತಿರುಗಿಸಲಿ, ಮಲಗುವ ಕೋಣೆಯೊಳಗೆ ನಿಂತು ನಿಮಗೆ ಫೋನ್ ಮಾಡಲಿ, ಕಿಟಕಿ ತೆರೆದು ಎರಡು ನಿಮಿಷ ಸುಮ್ನೆ ನಿಂತು ಸದ್ದು ಕೇಳಲಿ. ಟೇಪ್ ಹಿಡಿದು ಬಾಗಿಲಿನ ಅಗಲವನ್ನೂ ಮೆಟ್ಟಿಲ ತಿರುವಿನ ಅಗಲವನ್ನೂ ಅಳೆಯಲಿ. ನಿಮ್ಮ ಸೋಫಾ ಒಳಗೆ ಹೋಗದಿದ್ದರೆ ಅದನ್ನು ಇಲ್ಲೇ ಮಾರಬಹುದು, ಅಲ್ಲಿಯವರೆಗೆ ಬಾಡಿಗೆ ಕೊಟ್ಟು ಹೊತ್ತುಕೊಂಡು ಹೋಗಿ ಬೀದಿಯಲ್ಲಿ ಇಡಬೇಕಾಗಿಲ್ಲ. ಮುಂಗಡ ಕಳಿಸುವುದು ಬಾಡಿಗೆ ಕರಾರು ಓದಿದ ಮೇಲೆ, ಅದೂ ಮನೆ ಮಾಲೀಕರ ಖಾತೆಗೆ. ಗೆಳತಿಯ ಕೈಯಿಂದ ಕೊಡಿಸಬೇಡಿ. ನಾಳೆ ತಕರಾರು ಬಂದರೆ ಮಧ್ಯೆ ಸಿಕ್ಕಿಕೊಳ್ಳುವವಳು ಅವಳು.

ಪ್ರಶ್ನೆ: ಮನೆ ಸಿಗುವವರೆಗೆ ಗೆಳೆಯನ ಮನೆಯಲ್ಲಿರುತ್ತೇನೆ. ಎಷ್ಟು ದಿನ ಇರಬಹುದು?

ನನ್ನನ್ನಲ್ಲ, ಅವನನ್ನು ಕೇಳಿ. ಅವನು "ಎಷ್ಟು ದಿನ ಬೇಕಾದರೂ ಇರು" ಅನ್ನುತ್ತಾನೆ, ಅದನ್ನು ನಂಬಬೇಡಿ. ಹೋಗುವ ತಾರೀಕನ್ನು ಬರುವ ಮೊದಲೇ ನೀವಾಗಿ ಹೇಳಿ. ಎರಡು ಸೂಟ್‌ಕೇಸ್‌ಗಿಂತ ಜಾಸ್ತಿ ಒಯ್ಯಬೇಡಿ. ಉಳಿದ ಸಾಮಾನನ್ನು ಗೋದಾಮಿನಲ್ಲಿಡಿ. ಅವನ ಹೆಂಡತಿಗೆ ನಿಮ್ಮ ಡಬ್ಬ ದಾಟಿಕೊಂಡು ಅಡುಗೆಮನೆಗೆ ಹೋಗುವ ಪಾಡು ಬೇಡ.

ಪ್ರಶ್ನೆ: ಬಾಡಿಗೆ ಲಾರಿಯನ್ನು ಗೆಳೆಯನೇ ಓಡಿಸುತ್ತಾನಂತೆ, ಅವನಿಗೆ ಕಾರು ಚೆನ್ನಾಗಿ ಬರುತ್ತದೆ.

ಕಾರು ಬರುತ್ತದೆ, ಸಂತೋಷ. ಆ ತೂಕದ ಗಾಡಿಗೆ ಲೈಸೆನ್ಸ್ ಇದೆಯಾ? ಬಾಡಿಗೆ ಕರಾರಿನಲ್ಲಿ, ವಿಮೆಯಲ್ಲಿ ಅವನ ಹೆಸರಿದೆಯಾ? ಎರಡರಲ್ಲಿ ಒಂದಕ್ಕೆ ಇಲ್ಲ ಎಂದರೂ ಬೇಡ.

ಪ್ರಶ್ನೆ: ಸಾಗಿಸುವಾಗ ಗೆಳೆಯರ ಕೈಯಲ್ಲಿ ಟಿವಿ ಪರದೆ ಒಡೆದುಹೋಯಿತು. ಅರ್ಧ ದುಡ್ಡಾದರೂ ಕೇಳುವುದು ನ್ಯಾಯ ಅಲ್ವಾ?

ಅಲ್ಲ. ಪುಕ್ಕಟೆ ಬಂದು ಬೆವರು ಸುರಿಸಿದವರ ಹತ್ತಿರ ದುಡ್ಡು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಒಡೆಯುವ ವಸ್ತುವನ್ನು ನೀವೇ ಹೊರಬೇಕಿತ್ತು. ತೆಳು ಪರದೆಯ ಟಿವಿಯನ್ನು ನೆಟ್ಟಗೆ ನಿಲ್ಲಿಸಿ, ಅಲುಗಾಡದ ಹಾಗೆ ಎರಡು ಹಾಸಿಗೆಗಳ ನಡುವೆ ಇಟ್ಟು ಒಯ್ಯಬೇಕು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟಿವಿಯನ್ನು ಮಲಗಿಸಿ ಅದರ ಮೇಲೆ ಮಿಕ್ಸಿ ಡಬ್ಬ ಇಡಿಸಿದ್ದು ನೀವೇ ಎಂದು ಎರಡನೇ ಪ್ಯಾರಾದಲ್ಲಿ ನೀವೇ ಬರೆದಿದ್ದೀರಿ.