ದೇವದಾರು ಸಿಗದಿದ್ದರೆ ಏನು ಹಾಕೋದು?

ಪ್ರಶ್ನೆ: ನನ್ನ ಮಗಳು, ಅಳಿಯ ಹಿಮಾಚಲದ ಕುಲ್ಲು ಕಣಿವೆಯಲ್ಲಿದ್ದಾರೆ. ಅಳಿಯನ ಊರೇ ಅದು. ಹಳೇ ಮನೆಯ ಪಕ್ಕದಲ್ಲಿ, ಸುಮಾರು 2,000 ಮೀಟರ್ ಎತ್ತರದಲ್ಲಿ, ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದಾರೆ. ದೇವದಾರು ಸಿಗೋದು ಕಷ್ಟ, ಸಿಕ್ಕರೂ ಬೆಲೆ ಕೇಳೋ ಹಾಗಿಲ್ಲ. ಹೊರಗೋಡೆ, ಬಾಲ್ಕನಿ, ಕಿಟಕಿ ಎಲ್ಲಕ್ಕೂ ಡಬ್ಲ್ಯೂಪಿಸಿ (ಮರದ ಹುಡಿ, ಪ್ಲಾಸ್ಟಿಕ್ ಬೆರೆತ ಹಲಗೆ) ಹಾಕಿಬಿಡಿ, ನೂರು ವರ್ಷ ಏನೂ ಆಗಲ್ಲ ಅಂತಾರೆ ಗುತ್ತಿಗೆದಾರರು. ನಂಬಬಹುದಾ?
– ಓದುಗರು, ಧಾರವಾಡ

ಉತ್ತರ: ಆ ಹಲಗೆ ನಮ್ಮ ಅಂಗಡಿಗಳಿಗೆ ಬಂದು ಎಷ್ಟು ವರ್ಷ ಆಯ್ತು ಅಂತ ಅವರನ್ನೇ ಒಮ್ಮೆ ಕೇಳಿ. ನೂರು ವರ್ಷದ ಲೆಕ್ಕ ಅಲ್ಲೇ ಮುಗಿಯುತ್ತೆ.

ಬೆಟ್ಟದ ಊರಲ್ಲಿ ಮನೆಗೆ ಏಟು ಬೀಳೋದು ಬರೀ ಚಳಿಯಿಂದ ಅಂತ ನಾವು ಬಯಲುಸೀಮೆಯವರು ಅಂದುಕೊಳ್ಳುತ್ತೇವೆ. ನಾನೂ ಸತ್ಲುಜ್ ಕಣಿವೆಗೆ ಕೆಲಸಕ್ಕೆ ಹೋದ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆ. ನಿಜವಾದ ಕಳ್ಳ ನೀರು. ಹಗಲು ಹಿಮ ಕರಗಿ ಸಂದಿಗೆ ಇಳಿಯುತ್ತೆ, ರಾತ್ರಿ ಹೆಪ್ಪುಗಟ್ಟುತ್ತೆ, ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತೆ. ಮಾರನೇ ದಿನ ಮತ್ತೆ ಅದೇ ಕಥೆ. ಹಾಗಾಗಿ ಉತ್ತರದ ಗೋಡೆಗಿಂತ, ಬಿಸಿಲು ಬೀಳುವ ದಕ್ಷಿಣದ ಗೋಡೆಯೇ ಎಷ್ಟೋ ಸಲ ಮೊದಲು ಕೆಡುತ್ತೆ. ಜೊತೆಗೆ ಸಾವಿರ ಮೀಟರ್ ಮೇಲೇರಿದಂತೆ ಬಿಸಿಲಿನ ನೇರಳಾತೀತ ಕಿರಣದ ತೀವ್ರತೆ ಸುಮಾರು 10% ಜಾಸ್ತಿ ಆಗುತ್ತೆ. ಪ್ಲಾಸ್ಟಿಕ್ ಇರುವ ಯಾವ ಸಾಮಾನಿಗೂ ಇದು ಒಳ್ಳೇ ಸುದ್ದಿ ಅಲ್ಲ.

ಈಗ ಡಬ್ಲ್ಯೂಪಿಸಿ ವಿಷಯ. ಮರದ ಹುಡಿ, ಪ್ಲಾಸ್ಟಿಕ್ ಬೆರೆಸಿ, ಕಾಯಿಸಿ, ಅಚ್ಚಿನಿಂದ ಒತ್ತಿ ತೆಗೆದ ಹಲಗೆ ಅದು. ಗೆದ್ದಲು ಹತ್ತಲ್ಲ, ಬಾಲ್ಕನಿಯ ನೆಲಕ್ಕೆ ಚೆನ್ನಾಗಿಯೇ ಇರುತ್ತೆ. ಆದರೆ ಮರದ ಥರ ಕಾಣುತ್ತೆ ಅಂತ ಮರದ ಥರ ಕೂರಿಸಿದರೆ ಕೆಟ್ಟಿರಿ. ನಾನೇ ಕೆಟ್ಟಿದ್ದೇನೆ. ನನ್ನ ವಸತಿಗೃಹದ ಬಾಲ್ಕನಿಗೆ ಜನವರಿಯಲ್ಲಿ ಹಾಕಿಸಿದೆ. ಚೆಂದ ಕಾಣಲಿ ಅಂತ ಹಲಗೆಯ ತುದಿಗೆ ತುದಿ ಒತ್ತಿ ಕೂರಿಸಿದರು, ನಾನೂ ಪಕ್ಕದಲ್ಲೇ ನಿಂತು ತಲೆ ಆಡಿಸಿದೆ. ಮೇ ತಿಂಗಳ ಹೊತ್ತಿಗೆ ನಡುವಿನ ನಾಲ್ಕು ಹಲಗೆ ಕರಿದ ಹಪ್ಪಳದ ಹಾಗೆ ಎದ್ದು ನಿಂತವು, ಒಂದರ ಸ್ಕ್ರೂ ಕಿತ್ತುಕೊಂಡು ಬಂದಿತ್ತು. ಮೂರು ಮೀಟರ್ ಉದ್ದದ ಡಬ್ಲ್ಯೂಪಿಸಿ ಹಲಗೆ ಚಳಿಗಾಲದ ರಾತ್ರಿಯಿಂದ ಬೇಸಿಗೆಯ ಮಧ್ಯಾಹ್ನಕ್ಕೆ ಐದಾರು ಮಿಲಿಮೀಟರ್ ಹಿಗ್ಗಬಹುದು. ಅದೇ ಉದ್ದದ ಮರ ಒಂದು ಮಿಲಿಮೀಟರೂ ಹಿಗ್ಗಲ್ಲ. ಚಳಿಗಾಲದಲ್ಲಿ ಕೂರಿಸಿದರೆ ತುದಿಗಳಲ್ಲಿ ಅಷ್ಟು ಸಂದಿ ಬಿಡಲೇಬೇಕು. ಕೆಳಗಿನ ಆಧಾರದ ಪಟ್ಟಿಗಳೂ ಅಡಿಗೊಂದರಂತೆ ಬೇಕು, ಹಿಮದ ಭಾರ ಬೇರೆ ಇರುತ್ತಲ್ಲ. ಮತ್ತೆ ತೊಲೆ, ಕಂಬದ ಕೆಲಸಕ್ಕೆ ಅದನ್ನು ಎಂದೂ ಬಳಸಬೇಡಿ. ಮನೆಯ ಭಾರ ಹೊರುವ ಸಾಮಾನು ಅಲ್ಲ ಅದು.

ಇನ್ನೊಂದು ಎಚ್ಚರಿಕೆ. ಅಲ್ಲಿ ಮನೆ ಒಳಗೆ ಸೌದೆ ಒಲೆ ಇರುತ್ತೆ, ತಂದೂರ್ ಅಂತಾರೆ, ರೊಟ್ಟಿ ಸುಡೋ ತಂದೂರ್ ಅಲ್ಲ, ಕೋಣೆ ಬೆಚ್ಚಗಿಡೋ ತಗಡಿನ ಒಲೆ. ಅದರ ಹೊಗೆಕೊಳವೆ ಗೋಡೆಯಿಂದ ಹೊರಗೆ ಹೋಗುವ ಜಾಗದಲ್ಲಿ ಪ್ಲಾಸ್ಟಿಕ್ ಬೆರೆತ ಯಾವುದೂ ಇರಬಾರದು. ಇಂಥ ಹಲಗೆಗೆ ಬೆರೆಸೋ ಪ್ಲಾಸ್ಟಿಕ್‌ಗಳಲ್ಲಿ ಒಂದಾದ ಪಿವಿಸಿ 80 ಡಿಗ್ರಿ ಹೊತ್ತಿಗೇ ಮೆತ್ತಗಾಗುತ್ತೆ. ಅಲ್ಲಿ ಕಲ್ಲು ಅಥವಾ ಇಟ್ಟಿಗೆಯೇ ಇರಲಿ. ಕುಲ್ಲುವಿನವರಿಗೆ ಬೆಂಕಿಯ ಭಯ ಹೇಳಿಕೊಡಬೇಕಿಲ್ಲ, 2008ರಲ್ಲಿ ಅದೇ ಜಿಲ್ಲೆಯ ಮಲಾಣಾ ಹಳ್ಳಿಯ ಎಷ್ಟೋ ಮರದ ಮನೆಗಳು ಸುಟ್ಟುಹೋದವು.

ಹೊರಗೋಡೆಗೆ ಮರದ ನೋಟ ಬೇಕು ಅಂದರೆ ನನ್ನ ಓಟು ಫೈಬರ್ ಸಿಮೆಂಟ್ ಹಲಗೆಗೆ. ಸಿಮೆಂಟಿಗೆ ಮರದ ನಾರು ಸೇರಿಸಿ ಒತ್ತಿ ಮಾಡಿದ್ದು. ಉರಿಯಲ್ಲ, ಹೆಚ್ಚು ಹಿಗ್ಗಲ್ಲ, ಬಿಸಿಲಿಗೆ ಪುಡಿಯಾಗಲ್ಲ. ಅಂಗಡಿಯಲ್ಲಿ ಒಳಗಿನ ಪಾರ್ಟಿಷನ್‌ಗೆ ಅಂತ ಮಾಡಿದ್ದನ್ನೇ ಹೊರಗೂ ಹಾಕಿ ಅಂತಾರೆ, ಒಪ್ಪಬೇಡಿ. ಭಾರತೀಯ ಮಾನಕ ಐಎಸ್ 14862ರಲ್ಲಿ ಟೈಪ್ ಎ ಅನ್ನೋದು ಹೊರಗಿನ ಬಳಕೆಗೆ, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ಗೋಡೆಗೆ ನೇರ ಅಂಟಿಸಬೇಡಿ. ಹಿಂದೆ ಒಂದು ಇಂಚು ಸಂದಿ ಬಿಟ್ಟು, ಕೆಳಗೆ ಮೇಲೆ ಗಾಳಿ ಆಡೋ ಹಾಗೆ ಪಟ್ಟಿ ಹೊಡೆಸಿ. ಒಳಗೆ ನುಗ್ಗಿದ ನೀರು ಹೆಪ್ಪುಗಟ್ಟುವ ಮೊದಲೇ ಒಣಗಬೇಕು, ಇಡೀ ಕೆಲಸದ ಗುಟ್ಟು ಇಷ್ಟೇ. ಕತ್ತರಿಸಿದ ಅಂಚಿಗೆ ಅವತ್ತೇ ಬಣ್ಣ ಬಳಿಯಲಿ, ಅಂಚಿನಿಂದಲೇ ಅದು ನೀರು ಕುಡಿಯೋದು. ನೆಲದಿಂದ ಕನಿಷ್ಠ ಅರ್ಧ ಅಡಿ ಮೇಲಿರಲಿ, ಹಿಮ ಬಂದು ಒರಗುವ ಕಡೆ ಇನ್ನೂ ಮೇಲಕ್ಕೆ, ಬುಡಕ್ಕೆ ಕಲ್ಲು.

ಅನುಮಾನ ಇದ್ದರೆ ಮನೆಯಲ್ಲೇ ನೋಡಬಹುದು. ಅಂಗೈಯಷ್ಟು ತುಂಡು ತಂದು ತೂಕ ಮಾಡಿ, ಒಂದು ದಿನ ನೀರಲ್ಲಿ ನೆನೆಸಿ, ಮತ್ತೆ ತೂಗಿ. ತೂಕ ಎಷ್ಟು ಏರಿತೋ ಅಷ್ಟು ನೀರು ಕುಡಿದಿದೆ ಅಂತ. ಆಮೇಲೆ ರಾತ್ರಿ ಫ್ರೀಜರ್‌ನಲ್ಲಿ, ಹಗಲು ನೀರಲ್ಲಿ, ಹೀಗೆ ಹದಿನೈದು ದಿನ. ಅಂಚು ಪದರ ಪದರ ಬಿಚ್ಚಿಕೊಂಡರೆ ಆ ಹಲಗೆ ನಿಮಗೆ ಬೇಡ. ಪ್ರಯೋಗಾಲಯದ ಪರೀಕ್ಷೆ ಅಲ್ಲ ಇದು, ಆದರೆ ಅಂಗಡಿಯವರ ಬಾಯಿಮಾತಿಗಿಂತ ಮೇಲು. ಫ್ರೀಜರ್‌ನಲ್ಲಿ ಹಲಗೆ ಇಟ್ಟಿದ್ದಕ್ಕೆ ನಮ್ಮ ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಕಿಟಕಿಗೆ ಯುಪಿವಿಸಿ, ಅಂದರೆ ಗಡಸು ಪಿವಿಸಿ ಚೌಕಟ್ಟು ಸರಿ, ಒಳಗೆ ಉಕ್ಕಿನ ಪಟ್ಟಿ ಇರೋದು, ಎರಡು ಗಾಜಿನದು. ಸಾದಾ ಅಲ್ಯೂಮಿನಿಯಂ ಮಾತ್ರ ಬೇಡ. ಬೆಳಿಗ್ಗೆ ಎದ್ದರೆ ಚೌಕಟ್ಟಿನ ಒಳಗಡೆ ನೀರು ಇಳೀತಿರುತ್ತೆ, ಆ ನೀರು ಕಿಟಕಿ ಕೆಳಗಿನ ಗಾರೆಯನ್ನು ಬೂಷ್ಟು ಹಿಡಿಸುತ್ತೆ.

ಕೊನೆಗೊಂದು ಮಾತು, ಅಳಿಯಂದಿರಿಗೆ ಹೇಳಿ. ಹಳೇ ಮನೆ ಕಾಠ್-ಕುಣಿ ಆಗಿದ್ದರೆ, ಅಂದರೆ ಒಂದು ಸಾಲು ದೇವದಾರು, ಒಂದು ಸಾಲು ಕಲ್ಲು, ನಡುವೆ ಗಾರೆ ಇಲ್ಲದ ಗೋಡೆ, ಅದನ್ನು ಸುಮ್ನೆ ಕೆಡವಬೇಡಿ. 1905ರ ಕಾಂಗ್ರಾ ಭೂಕಂಪದಲ್ಲಿ ಸುಮಾರು 20,000 ಜನ ಸತ್ತ ನಾಡು ಅದು. ಕಲ್ಲು ಮತ್ತು ಮರ ಒಂದರ ಮೇಲೊಂದು ಸ್ವಲ್ಪ ಜರುಗಿ ಅದುರನ್ನು ನುಂಗೋದರಿಂದ ಆ ಗೋಡೆಗಳು ತಡೆಯುತ್ತವೆ. ಕೆಡವಲೇಬೇಕಾದರೆ ಮರವನ್ನು ಜೋಪಾನವಾಗಿ ಬಿಚ್ಚಿಸಿ, ಹೊಸ ಮನೆಯ ಬಾಗಿಲು, ಚೌಕಟ್ಟಿಗೆ ಅದಕ್ಕಿಂತ ಒಳ್ಳೇದು ಸಿಗಲ್ಲ. ಊರಿನ ಹಕ್ಕುದಾರರಿಗೆ ಮನೆ ಕಟ್ಟಲು ಅರಣ್ಯ ಇಲಾಖೆ ಮರ ಕೊಡುವ ಪದ್ಧತಿಯೂ ಹಿಮಾಚಲದಲ್ಲಿದೆ, ಟಿ.ಡಿ. ಅಂತಾರೆ. ಅರ್ಜಿ ಹಾಕಿದ್ದಾರಾ, ವಿಚಾರಿಸಿ.

ಪ್ರಶ್ನೆ: ನನ್ನ ತಮ್ಮ ಲೇಹ್‌ನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಕಾಫಿ ಅಂಗಡಿ ಇಟ್ಟಿದ್ದಾನೆ. ಮಣ್ಣಿನ ಮಾಡು, ಕೆಳಗೆ ಪೋಪ್ಲರ್ ಜಂತೆ. ಮಾಲೀಕರು ಎಲ್ಲ ತೆಗೆದು ಕಬ್ಬಿಣ, ತಗಡು ಹಾಕಿಸಬೇಕು ಅಂತಿದ್ದಾರೆ. ಒಳ್ಳೇದಾ?
– ಓದುಗರು, ಹಾಸನ

ಉತ್ತರ: ಲೇಹ್ ಸುಮಾರು 3,500 ಮೀಟರ್ ಎತ್ತರ, ವರ್ಷಕ್ಕೆ ಬೀಳೋ ಮಳೆ-ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ಅದಕ್ಕೇ ಮಣ್ಣಿನ ಮಾಡು ಅಲ್ಲಿ ತಲೆಮಾರುಗಟ್ಟಲೆ ಬಾಳಿದೆ. ಮಾಲೀಕರ ಭಯವೂ ಸುಳ್ಳಲ್ಲ, 2010ರ ಆಗಸ್ಟ್ ಮೇಘಸ್ಫೋಟವನ್ನು ಅಲ್ಲಿಯವರು ಯಾರೂ ಮರೆತಿಲ್ಲ. ಆದರೆ ಪೋಪ್ಲರ್‌ಗೆ ಬದಲಿ ಹುಡುಕೋದು ನನಗೆ ಅರ್ಥ ಆಗಲ್ಲ. ಅದು ಕಾಡಿನ ಮರ ಅಲ್ಲ, ನಿಮ್ಮ ಕಡೆ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಬೆಳೆಸಿದ ಹಾಗೆ ಅಲ್ಲಿ ಹೊಲದ ಬದಿಗೆ ಬೆಳೆಸ್ತಾರೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ವೇಗವಾಗಿ ಶಾಖ ಸಾಗಿಸುತ್ತೆ, ಅಂಗಡಿಯ ಬಿಸಿಯೆಲ್ಲ ತೊಲೆಯ ಮೂಲಕವೇ ಹೊರಗೆ ಹೋಗುತ್ತೆ. ಬರೀ ತಗಡಾದರೆ ನಿಮ್ಮ ತಮ್ಮನ ಕಾಫಿಯ ಹಬೆ ಅದರ ಕೆಳಗೆ ಮಂಜಾಗಿ ಕೂತು, ಬಿಸಿಲೇರಿದಾಗ ಗಿರಾಕಿಯ ತಲೆ ಮೇಲೆ ತೊಟ್ಟಿಕ್ಕುತ್ತೆ.

ಜಂತೆ ಗಟ್ಟಿಯಿದ್ದರೆ ಹಾಗೇ ಬಿಡಲಿ. ಮೇಲಿನ ಮಣ್ಣು ಕಡಿಮೆ ಮಾಡಿಸಿ, ನಿರೋಧಕ ಪದರ ಹಾಸಿ, ಅದರ ಮೇಲೆ ಇಳಿಜಾರಾಗಿ ತಗಡು ಹೊದಿಸಲಿ, ತಗಡಿನ ಕೆಳಗೆ ಗಾಳಿ ಆಡಬೇಕು. ಸೂರು ಗೋಡೆಯಿಂದ ಒಂದೂವರೆ ಅಡಿ ಹೊರಗೆ ಬರಲಿ, ಮಣ್ಣಿನ ಗೋಡೆಗೆ ಮಾಡಿನ ನೀರು ತಾಗಬಾರದು. ಕಾಂಕ್ರೀಟ್ ಕೆಲಸ ಏನಾದರೂ ಇದ್ದರೆ ಬೇಸಿಗೆಯಲ್ಲೇ ಮುಗಿಸಲಿ. 5 ಡಿಗ್ರಿಗಿಂತ ಕೆಳಗೆ ಹೋದರೆ ಹಾಕಿದ ಕಾಂಕ್ರೀಟ್ ಬಲಿಯೋದು ನಿಧಾನ, ಒಳಗಿನ ನೀರು ಹೆಪ್ಪುಗಟ್ಟಿದರಂತೂ ಶಕ್ತಿಯೇ ಬರಲ್ಲ.

ಪ್ರಶ್ನೆ: ಮಡಿಕೇರಿಯಲ್ಲೂ ಚಳಿ ಇದೆ. ನಮಗೂ ಫೈಬರ್ ಸಿಮೆಂಟೇ ಹಾಕಬೇಕಾ?
– ಓದುಗರು, ಕೊಡಗು

ಉತ್ತರ: ನಿಮ್ಮದು ಸ್ವೆಟರ್ ಚಳಿ, ನೀರು ಹೆಪ್ಪುಗಟ್ಟಲ್ಲ. ನಿಮಗಿರೋ ಕಾಟ ಗೆದ್ದಲು, ಪಾಚಿ ಮತ್ತು ಜೂನ್‌ನಿಂದ ಬಿಡದ ಮಳೆ. ಬಾಗಿಲ ಚೌಕಟ್ಟು, ಬಚ್ಚಲ ಬಾಗಿಲಿಗೆ ಡಬ್ಲ್ಯೂಪಿಸಿ ಧಾರಾಳವಾಗಿ ಹಾಕಿ. ಹೊರಗೋಡೆಗೆ ಫೈಬರ್ ಸಿಮೆಂಟ್ ಹಾಕಿದರೆ ತಪ್ಪೇನಿಲ್ಲ, ವರ್ಷಕ್ಕೊಮ್ಮೆ ಪಾಚಿ ಉಜ್ಜೋಕೆ ಆಳು ಸಿಗ್ತಾರಾ ನೋಡಿಕೊಳ್ಳಿ.