ಆ ಕಾಲಂನಲ್ಲಿ ಎಷ್ಟು ಅಂತ ಬರೆಯಲಿ?

ಈ ಸಲ ಬಂದ ಒಂದು ಪತ್ರಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಬರೆದವರು ಕಾಲೇಜು ವಿದ್ಯಾರ್ಥಿನಿ, ಹೆಸರು ಹಾಕಬೇಡಿ ಎಂದಿದ್ದಾರೆ. ಬೇಸಿಗೆ ರಜೆಯಲ್ಲಿ ತಮ್ಮ ಚರ್ಚ್ ಸಭೆಯ ಯುವಜನರ ಜೊತೆ ಒಂದು ದೊಡ್ಡ ನಗರಕ್ಕೆ ಆರು ವಾರದ ಮಿಷನ್ ಟ್ರಿಪ್ ಹೋಗಿದ್ದರು. ಬೆಳಿಗ್ಗೆ ಮನೆಯಿಲ್ಲದವರ ಆಶ್ರಯಧಾಮದಲ್ಲಿ ಕೆಲಸ, ಮಧ್ಯಾಹ್ನ ಮಕ್ಕಳಿಗೆ ವಿಬಿಎಸ್ (ರಜೆಯ ಬೈಬಲ್ ಶಾಲೆ), ಸಂಜೆ ರಸ್ತೆಯಲ್ಲಿ ಕರಪತ್ರ ಹಂಚುವುದು. ವಾಪಸ್ ಬಂದು ಮೂರು ವಾರ ಆಯಿತು. ಈಗ ಪ್ರಯಾಣಕ್ಕೆ ಹಣ ಕೊಟ್ಟವರಿಗೆ ವರದಿ ಕಳಿಸಬೇಕು. ತಂಡದ ಮುಖಂಡರು ಕೊಟ್ಟ ಫಾರಂನಲ್ಲಿ 'ಎಷ್ಟು ಜನ ಕರ್ತನನ್ನು ಸ್ವೀಕರಿಸಿದರು', ಅಂದರೆ ಯೇಸುವನ್ನು ನಂಬಿದರು, ಎಂಬ ಕಾಲಂ ಇದೆ, ಮಕ್ಕಳ ಜೊತೆ ನಿಂತ ಫೋಟೋ ಕೂಡ ಬೇಕಂತೆ. ಆ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದ್ದಾರೆ. ಹಾಸ್ಟೆಲ್ ಗೆಳತಿ 'ಬಡವರನ್ನು ನೋಡೋ ಟೂರು' ಅಂದಳಂತೆ, ಅದು ನಿಜವಾ ಎಂದೂ ಕೇಳಿದ್ದಾರೆ. ಮುಂದಿನ ಬೇಸಿಗೆಗೆ ಮತ್ತೆ ಹೋಗಲಾ ಎಂಬುದು ಇನ್ನೊಂದು ಪ್ರಶ್ನೆ. ಆಮೇಲೆ ಪತ್ರದ ತುದಿಯಲ್ಲಿ, ಬೇರೆ ಪೆನ್ನಿನಲ್ಲಿ: ಆಶ್ರಯಧಾಮದಲ್ಲಿ ಒಬ್ಬ ಅಜ್ಜನ ಜೊತೆ ದಿನಾ ಚೆಸ್ ಆಡ್ತಿದ್ದೆ, ಹೊರಡೋ ದಿನ ಆಟ ಅರ್ಧಕ್ಕೆ ನಿಂತಿತು, ಮತ್ತೆ ಬರ್ತೀನಿ ಅಂದುಬಿಟ್ಟೆ, ಸುಮ್ನೆ ಬಾಯಿಗೆ ಬಂತು.

ಪ್ರಿಯ ಓದುಗರೇ,

ಕಾಲಂನಿಂದಲೇ ಶುರು ಮಾಡೋಣ. ನಿಮಗೆ ನಿಜವಾಗಿ ಗೊತ್ತಿರುವುದನ್ನು ಮಾತ್ರ ಬರೆಯಿರಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಯಾಕೆ ಖಾಲಿ ಬಿಟ್ಟೆ ಅಂತ ಪಕ್ಕದಲ್ಲಿ ಒಂದು ಸಾಲು ಹಾಕಿ. ಇದನ್ನು ಸುಲಭವಾಗಿ ಹೇಳ್ತಿದ್ದೀನಿ ಅನ್ನಿಸಬಹುದು, ಆದರೆ ಇಂಥದೇ ಫಾರಂ ಒಂದನ್ನು ನಾನೂ ತುಂಬಿದ್ದೇನೆ. ನನಗೂ ಆಗ ನಿಮ್ಮದೇ ವಯಸ್ಸು. ಸಂಜೆ ಕೂಟ ಮುಗಿಯುವಾಗ ಪ್ರಾರ್ಥನೆ ಬೇಕಾದವರು ಕೈ ಎತ್ತಿ ಅನ್ನುತ್ತಿದ್ದೆವು, ಎತ್ತಿದ ಕೈಗಳನ್ನು ಎಣಿಸಿ ಡೈರಿಗೆ ಹಾಕುತ್ತಿದ್ದೆವು. ಒಬ್ಬ ಹುಡುಗ ಸತತ ಮೂರು ಸಂಜೆ ಕೈ ಎತ್ತಿದ. ನಮ್ಮ ಲೆಕ್ಕದಲ್ಲಿ ಮೂರು ಜನ. ಮೂರನೇ ದಿನ ಅವನ ಪಕ್ಕ ಕೂತವನು ನಾನೇ ಆದ್ದರಿಂದ ಕೇಳಿಬಿಟ್ಟೆ, ಯಾಕಪ್ಪಾ ದಿನಾ ಕೈ ಎತ್ತುತ್ತೀಯ ಅಂತ. 'ಕೈ ಎತ್ತಿದವರ ಹತ್ತಿರ ಮಾತ್ರ ಯಾರಾದರೂ ಬಂದು ಕೂರ್ತೀರಲ್ಲ' ಅಂದ.

ಆ ಮಾತು ನಮ್ಮ ವರದಿಗೆ ಹೋಗಲಿಲ್ಲ. 'ಮೂರು' ಹೋಯಿತು. ಇಷ್ಟು ವರ್ಷ ಆದ ಮೇಲೆ ಆ ಪ್ರಯಾಣದಲ್ಲಿ ನಾನು ಕೇಳಿದ ಅತಿ ಮುಖ್ಯವಾದ ಮಾತು ಯಾವುದು ಅಂದರೆ ಅದೇ, ಅದನ್ನು ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ.

ಲೂಕನ ಸುವಾರ್ತೆಯ 10ನೇ ಅಧ್ಯಾಯವನ್ನು ನೀವು ಹೊರಡುವ ಮೊದಲು ತಂಡದಲ್ಲಿ ಓದಿರಬೇಕು, ಎಲ್ಲರೂ ಓದಿಸುತ್ತಾರೆ. ಯೇಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸಿದ ಕಥೆ. ಈಗ ವಾಪಸ್ ಬಂದ ಮೇಲೆ ಇನ್ನೊಮ್ಮೆ ಓದಿ, ಬೇರೆಯೇ ಕಾಣಿಸುತ್ತದೆ. ಅವರು ಸಂತೋಷದಿಂದ ತಿರುಗಿ ಬಂದು ವರದಿ ಒಪ್ಪಿಸುತ್ತಾರೆ, ನಿನ್ನ ಹೆಸರು ಹೇಳಿದರೆ ದೆವ್ವಗಳೂ ನಮಗೆ ಅಧೀನವಾಗುತ್ತವೆ ಅಂತ. ಯೇಸು ಏನಂದ? ಅದಕ್ಕಾಗಿ ಸಂತೋಷಪಡಬೇಡಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆ ಅನ್ನುವುದಕ್ಕೆ ಸಂತೋಷಪಡಿ ಅಂದ. ಎಷ್ಟು ಜನ ನಂಬಿದರು ಅಂತ ಅವನು ಕೇಳಲೇ ಇಲ್ಲ. ಲೂಕನೂ ಲೆಕ್ಕ ಕೊಡುವುದಿಲ್ಲ.

ನಿಮ್ಮ ಮುಖಂಡರು ಬುದ್ಧಿವಂತರಾದರೆ ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕ ತೆಗೆದು, 2ನೇ ಅಧ್ಯಾಯದಲ್ಲಿ ಮೂರು ಸಾವಿರ ಜನ ಅಂತ ಲೆಕ್ಕ ಇದೆಯಲ್ಲ ಅನ್ನುತ್ತಾರೆ. ಇದೆ, ಸರಿ. ಆದರೆ ಅವರು ದೀಕ್ಷಾಸ್ನಾನ ಪಡೆದವರು, ಅಲ್ಲೇ ಉಳಿದವರು, ಒಟ್ಟಿಗೆ ಊಟ ಮಾಡಿ ಪ್ರಾರ್ಥಿಸಿ ಇದ್ದದ್ದನ್ನು ಹಂಚಿಕೊಂಡವರು, ಮುಂದಿನ ನಾಲ್ಕೈದು ವಚನಗಳಲ್ಲೇ ಅದೆಲ್ಲ ಇದೆ. ರೈಲು ಹತ್ತುವ ಆತುರದಲ್ಲಿ ಎಣಿಸಿದ ಕೈಗಳಲ್ಲ ಅವು.

ಇನ್ನು ನಿಮ್ಮ ಗೆಳತಿಯ ಮಾತು. ಅವಳ ಮೇಲೆ ಸಿಟ್ಟಾಗಬೇಡಿ. ಅವಳಿಗಿಂತ ಖಾರವಾಗಿ ಇದನ್ನೇ ಹೇಳಿದವರು ಒಬ್ಬ ಕ್ಯಾಥೊಲಿಕ್ ಪಾದ್ರಿ. ಹೆಸರು ಇವಾನ್ ಇಲಿಚ್. 1968ರಲ್ಲಿ, ಬೇಸಿಗೆಯಲ್ಲಿ ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ದಯವಿಟ್ಟು ನಮಗೆ ಸಹಾಯ ಮಾಡಲು ಮಾತ್ರ ಬರಬೇಡಿ ಎಂಬರ್ಥದಲ್ಲಿ ಮಾತಾಡಿದರು. ಕರೆಸಿದವರ ವೇದಿಕೆಯಲ್ಲೇ ನಿಂತು! ಭಾಷೆ ಬಾರದ, ಕೆಲಸ ಗೊತ್ತಿಲ್ಲದ ಹುಡುಗರು ಕೆಲವು ವಾರ ಬಂದು ಹೋದರೆ ಊರಿನವರಿಗೆ ಅದರಿಂದ ಏನು ಉಪಯೋಗ ಅನ್ನುವುದು ಅವರ ತಕರಾರು. ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಆ ಪ್ರಶ್ನೆಯನ್ನು ದಾಟಿ ಹೋಗಲು ನನಗಿನ್ನೂ ಆಗಿಲ್ಲ.

ಪೂರ್ತಿ ಒಪ್ಪದಿರಲು ಕಾರಣ ಇದೆ. ವಿದ್ಯಾರ್ಥಿಗಳ ಬೇಸಿಗೆ ಯಾವಾಗಲೂ ವ್ಯರ್ಥ ಆಗಿಲ್ಲ. 1886ರ ಬೇಸಿಗೆಯಲ್ಲಿ ಅಮೆರಿಕದ ಮೌಂಟ್ ಹರ್ಮನ್‌ನಲ್ಲಿ ವಿದ್ಯಾರ್ಥಿಗಳ ಒಂದು ಶಿಬಿರ ನಡೆಯಿತು, ಮುಗಿಯುವಷ್ಟರಲ್ಲಿ ನೂರು ಹುಡುಗರು ಮಿಷನರಿ ಸೇವೆಗೆ ಹೋಗುತ್ತೇವೆ ಎಂದು ಮುಂದೆ ಬಂದರು. ಅವರಲ್ಲೊಬ್ಬ ಜಾನ್ ಮಾಟ್, 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ನೀವು ಮಧ್ಯಾಹ್ನ ನಡೆಸಿದ ವಿಬಿಎಸ್ ಕೂಡ ದೊಡ್ಡ ನಗರದ ಬೇಸಿಗೆಯಲ್ಲಿ ಬೆಳೆದದ್ದೇ. 1898ರಲ್ಲಿ ನ್ಯೂಯಾರ್ಕ್‌ನ ಈಸ್ಟ್ ಸೈಡ್‌ನಲ್ಲಿ ಹಾಸ್ ಎಂಬ ಮಹಿಳೆ, ರಜೆಯಲ್ಲಿ ಬೀದಿಯಲ್ಲಿ ಅಲೆಯುವ ಮಕ್ಕಳಿಗಾಗಿ ಒಂದು ಸಲೂನನ್ನು, ಅಂದರೆ ಕುಡಿಯುವ ಅಂಗಡಿಯನ್ನು, ಬಾಡಿಗೆಗೆ ಹಿಡಿದು ಬೈಬಲ್ ಶಾಲೆ ಶುರು ಮಾಡಿದರು. ಜಾಗ ಯಾವುದು ಅಂತ ಕೇಳಿ ಆಗಿನ ಸಭೆಯವರ ಮುಖ ಹೇಗಾಗಿರಬಹುದು ಅಂತ ಯೋಚಿಸಿ ನಗು ಬರುತ್ತದೆ. ಆದರೆ ಆಕೆ ಅದೇ ನಗರದಲ್ಲಿ ನೆಲೆಸಿದ್ದವರು, ಅದನ್ನು ಗಮನಿಸಿ. ಆ ಮಕ್ಕಳನ್ನು ದಿನಾ ನೋಡುತ್ತಿದ್ದವರು.

ನಗರದ ಸೇವೆಯಲ್ಲಿ ಕೆಲಸ ಮಾಡಿದವರನ್ನು ನೋಡಿದರೆ ಇದೇ ಕಾಣುತ್ತದೆ. ಲಂಡನ್ ಸಿಟಿ ಮಿಷನ್ 1835ರಲ್ಲಿ ಶುರುವಾದಾಗ ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಪ್ರದೇಶ ಕೊಟ್ಟು, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಲು ಹೇಳಿತು. ವಿಲಿಯಂ ಮತ್ತು ಕ್ಯಾಥರಿನ್ ಬೂತ್ ದಂಪತಿ 1865ರಲ್ಲಿ ಪೂರ್ವ ಲಂಡನ್ನಿನ ಬಡಬೀದಿಗಳಲ್ಲಿ ಕೆಲಸ ಶುರು ಮಾಡಿದರು, ಅದಕ್ಕೆ ಸಾಲ್ವೇಶನ್ ಆರ್ಮಿ ಅಂತ ಹೆಸರು ಬಂದದ್ದು 1878ರಲ್ಲಿ. ನಡುವಿನ ಹದಿಮೂರು ವರ್ಷ ನೋಡಿ. ನೀವು ಹೋದ ಆಶ್ರಯಧಾಮದಲ್ಲೂ ಅಂಥವರು ಇರುತ್ತಾರೆ, ನಿಮ್ಮ ಪತ್ರದಲ್ಲೇ ಇದ್ದಾರೆ: 'ಅಡುಗೆಮನೆ ನೋಡಿಕೊಳ್ಳುವ ಆಂಟಿ ಮೊದಲ ವಾರ ನಮ್ಮ ಜೊತೆ ಮಾತೇ ಆಡಲಿಲ್ಲ, ತುಂಬಾ ಒರಟು' ಅಂತ ಬರೆದಿದ್ದೀರಿ. ಆಂಟಿ ಒರಟು ಇರಬಹುದು. ಆದರೆ ಬೇಸಿಗೆ ಬಂದರೆ ಸಾಕು, ವಾರಕ್ಕೊಂದು ಹೊಸ ತಂಡಕ್ಕೆ ಪಾತ್ರೆ ಎಲ್ಲಿದೆ, ಪೊರಕೆ ಎಲ್ಲಿದೆ, ಯಾರ ಹತ್ತಿರ ಏನು ಕೇಳಬಾರದು ಅಂತ ಮೊದಲಿನಿಂದ ಹೇಳಿಕೊಡುವುದು ಆಕೆಗೆ ಬಿದ್ದ ಕೆಲಸ ಅಲ್ವಾ? ನೀವು ಹೋದ ಮೇಲೆ ಆಕೆಯ ಕೆಲಸ ಕಡಿಮೆಯಾಯಿತಾ, ಜಾಸ್ತಿಯಾಯಿತಾ? ಗೆಳತಿಯ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ, ಆ ಆಂಟಿಯ ಹತ್ತಿರ ಇದೆ. ಫೋನ್ ಮಾಡಿ ಕೇಳಿ. ಬೈಸಿಕೊಳ್ಳಲು ತಯಾರಾಗಿ ಕೇಳಿ.

ಹಣ ಕೊಟ್ಟವರಿಗೆ ಹೆದರಬೇಡಿ. ತಮ್ಮ ಹಣ ಯಾವುದಕ್ಕೆ ಹೋಯಿತು ಅಂತ ತಿಳಿಯುವ ಹಕ್ಕು ಅವರಿಗಿದೆ, ಅದನ್ನು ಸ್ಪಷ್ಟವಾಗಿ ಬರೆಯಿರಿ: ಪ್ರಯಾಣಕ್ಕೆ ಎಷ್ಟು, ವಸತಿಗೆ ಎಷ್ಟು, ಆಶ್ರಯಧಾಮಕ್ಕೆ ಕೊಟ್ಟದ್ದು ಎಷ್ಟು. ಮೂರನೆಯದು ತೀರಾ ಚಿಕ್ಕದಾಗಿ ಕಂಡರೆ ಮುಚ್ಚಿಡಬೇಡಿ. ಮಂಡಿ ನೋವಿದ್ದರೂ ಪ್ರತಿ ರಾತ್ರಿ ನಿಮಗಾಗಿ ಮೊಣಕಾಲೂರಿದ ಯಾವುದೋ ಅಜ್ಜಿ ಕೂಡ ಆ ಪಟ್ಟಿಯಲ್ಲಿ ಇರುತ್ತಾರೆ. ಸಂಖ್ಯೆಗಿಂತ ಆ ಅಜ್ಜಿಗೆ ಕಥೆ ಬೇಕು, ನಿಜವಾದ ಕಥೆ. ಕರಪತ್ರ ಕೊಟ್ಟಾಗ ತೆಗೆದುಕೊಳ್ಳದೆ ಹೋದವರ ಬಗ್ಗೆ, ನಿಮ್ಮ ಕೈಗೇ ಹರಿದು ಕೊಟ್ಟವನ ಬಗ್ಗೆ ಬರೆಯಿರಿ. ಆರು ವಾರದಲ್ಲಿ ನಾಲ್ಕು ದಿನ ನಿಮಗೆ ಪ್ರಾರ್ಥನೆ ಮಾಡಲೂ ಮನಸ್ಸಾಗಲಿಲ್ಲ ಎಂದು ನನಗೆ ಬರೆದಿರಲ್ಲ, ಅದನ್ನೂ ಬರೆಯಿರಿ. ಅವರು ಪ್ರಾರ್ಥಿಸುತ್ತಿದ್ದದ್ದು ಅಂಥ ದಿನಗಳಿಗಾಗಿಯೇ.

ಫೋಟೋ ಬೇಡ. ಇದರಲ್ಲಿ ಚರ್ಚೆ ಇಲ್ಲ. ಮಗುವಿನ ಅಪ್ಪ ಅಮ್ಮ ಒಪ್ಪಿಲ್ಲದೆ ಅದರ ಮುಖ ಯಾರ ವರದಿಯಲ್ಲೂ ಬರಬಾರದು. ನಿಮ್ಮ ತಮ್ಮನ ಫೋಟೋ ಯಾರೋ ಅಪರಿಚಿತರ ಸಭೆಯ ಗೋಡೆಯ ಮೇಲೆ 'ಬಡ ಮಗು' ಅಂತ ಅಂಟಿದ್ದರೆ ಸುಮ್ಮನಿರುತ್ತೀರಾ?

ಮುಂದಿನ ಬೇಸಿಗೆ. ಮತ್ತೆ ಲೂಕನಿಗೆ ಹೋಗುತ್ತೇನೆ, ಬೇಸರ ಮಾಡಬೇಡಿ. ಆ ಎಪ್ಪತ್ತು ಮಂದಿಗೆ ಯೇಸು, ಹಣದ ಚೀಲ ಬೇಡ, ಜೋಳಿಗೆ ಬೇಡ, ಒಂದೇ ಮನೆಯಲ್ಲಿ ಇರಿ, ಅವರು ಕೊಟ್ಟದ್ದನ್ನು ಊಟ ಮಾಡಿ ಎಂದಿದ್ದ. ಅಂದರೆ ಹೋದವರು ಕೊಡುವವರಾಗಿ ಹೋಗಲಿಲ್ಲ, ಅತಿಥಿಗಳಾಗಿ ಹೋದರು. ಊರಿನವರು ಬಾಗಿಲು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗೆ ಹೋಗಲು ಆಗುತ್ತದಾ ನೋಡಿ. ಯಾವಾಗ ಬರಲಿ ಅಂತ ಆಂಟಿಯನ್ನೇ ಕೇಳಿ. ಬೇಸಿಗೆ ಬೇಡ, ಆಗ ಜನ ಜಾಸ್ತಿ, ಪರೀಕ್ಷೆ ಸಮಯದಲ್ಲಿ ಯಾರೂ ಬರುವುದಿಲ್ಲ, ಆಗ ಒಂದು ವಾರ ಬಾ ಅನ್ನಬಹುದು. ನಿಮಗೆ ಆಗದಿದ್ದರೆ ಆಗುವುದಿಲ್ಲ ಅನ್ನಿ. ನೀವಿರುವ ಊರಲ್ಲೇ ಶನಿವಾರ ಶನಿವಾರ ಹೋಗಬಹುದಾದ ಜಾಗ ಒಂದಾದರೂ ಇರುತ್ತದೆ, ಅದಕ್ಕೆ ಯಾರೂ ಕಾಣಿಕೆ ಎತ್ತಬೇಕಿಲ್ಲ, ಸಭೆಯ ಮುಂದೆ ಅನುಭವದ ಸಾಕ್ಷಿ ಹೇಳಲು ವೇದಿಕೆಗೂ ಕರೆಯುವುದಿಲ್ಲ.

ಆ ಚೆಸ್ ಅಜ್ಜನಿಗೆ ಆಶ್ರಯಧಾಮದ ವಿಳಾಸಕ್ಕೆ ಈ ವಾರವೇ ಒಂದು ಕಾರ್ಡ್ ಹಾಕಿ. ಬರುವ ದಿನಾಂಕ ಗಟ್ಟಿಯಾಗಿ ಗೊತ್ತಿದ್ದರೆ ಮಾತ್ರ ಬರ್ತೀನಿ ಅಂತ ಬರೆಯಿರಿ. ಇಲ್ಲದಿದ್ದರೆ ಆಟ ಎಲ್ಲಿಗೆ ನಿಂತಿತ್ತು ನೆನಪು ಮಾಡಿಕೊಂಡು ನಿಮ್ಮ ಮುಂದಿನ ನಡೆ ಯಾವುದು ಅಂತ ಬರೆದು, ಸ್ಟಾಂಪ್ ಹಚ್ಚಿದ ಒಂದು ಖಾಲಿ ಕಾರ್ಡನ್ನೂ ಜೊತೆಗಿಡಿ.

– ಸಂ.