ಕೇಳಿ, ಹೇಳುತ್ತೇವೆ: ಓಣಿಯ ನಾಯಿಗೆ ವಿಷ, ಜಾತ್ರೆಯ ಕುರಿ, ಚಕ್ಕಡಿಯ ಎತ್ತು

ಪ್ರಶ್ನೆ: ನಮ್ಮ ಓಣಿಯಲ್ಲಿ ಒಂದೇ ರಾತ್ರಿ ಮೂರು ಬೀದಿನಾಯಿ ಸತ್ತವು, ಬಾಯಲ್ಲಿ ನೊರೆ ಇತ್ತು. ಠಾಣೆಗೆ ಹೋದರೆ ‘ಐವತ್ತು ರೂಪಾಯಿ ದಂಡದ ಕೇಸು, ಬಿಡ್ರಿ’ ಅಂದರು. ಮುಂದೇನು?
– ಓದುಗರೊಬ್ಬರು, ಧಾರವಾಡ

ಐವತ್ತು ರೂಪಾಯಿಯ ಮಾತು ಸುಳ್ಳಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅದರಲ್ಲೂ ಹೆಚ್ಚಿನ ಉಪಕಲಂಗಳಡಿ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ. ನಿಮ್ಮ ದೂರು ‘ನಾಯಿಗಳನ್ನು ಹಿಂಸಿಸಿದ್ದಾರೆ’ ಎಂದಷ್ಟೇ ಹೇಳಿದರೆ ಅಲ್ಲೇ ಕೂತುಬಿಡುತ್ತದೆ. ‘ವಿಷ ಹಾಕಿ ಕೊಂದಿದ್ದಾರೆ’ ಎಂದು ಬರೆದು, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಮತ್ತು 1960ರ ಕಾಯ್ದೆಯ 11(1)(ಎಲ್) ಎರಡನ್ನೂ ನಮೂದಿಸಿ. ಎರಡರಲ್ಲೂ ನೇರವಾಗಿ ಎಫ್‌ಐಆರ್ ಆಗುತ್ತದೆ. 325ರಲ್ಲಿ ಐದು ವರ್ಷದವರೆಗೆ ಜೈಲು ಇದೆ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತೋ ಎಂಬ ಲೆಕ್ಕವಿತ್ತು. 2024ರ ಜುಲೈ 1ರಿಂದ ಅದಿಲ್ಲ, ‘ಯಾವುದೇ ಪ್ರಾಣಿ’ ಸಾಕು.

ಇಂಥ ಕೇಸು ಬೀಳುವುದು ಬಹುಮಟ್ಟಿಗೆ ಹೆಣ ಹೂತುಬಿಡುವುದರಿಂದ. ಪಾಪ ಅನಿಸಿ ಬೆಳಗಾಗುವುದರೊಳಗೆ ಮಣ್ಣು ಮಾಡುತ್ತಾರೆ, ಸಾಕ್ಷ್ಯವೂ ಅದರ ಜೊತೆಗೇ ಹೋಗುತ್ತದೆ. ನೆರಳಿಗೆ ಎಳೆದು ಸುತ್ತ ಮಂಜುಗಡ್ಡೆ ಇಡಿ. ಬೇಸಿಗೆಯಲ್ಲಿ ಅರ್ಧ ದಿನಕ್ಕೇ ಕೊಳೆಯುತ್ತದೆ. ಬಿದ್ದಿದ್ದ ಜಾಗ, ವಾಂತಿ, ಉಳಿದ ರೊಟ್ಟಿ ಅಥವಾ ಮಾಂಸದ ತುಣುಕಿನ ಫೋಟೊ ತೆಗೆಯಿರಿ. ತುಣುಕನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪೊಲೀಸರೇ ಪಂಚನಾಮೆ ಮಾಡಿ ಎತ್ತಲಿ. ಅವರ ಪತ್ರದ ಮೇಲೆ ಸರ್ಕಾರಿ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಹೊಟ್ಟೆಯೊಳಗಿನ ಪದಾರ್ಥ, ಯಕೃತ್ತು, ಮೂತ್ರಪಿಂಡ ಬೇರೆ ಬೇರೆ ಡಬ್ಬಿಗೆ, ಗಟ್ಟಿ ಉಪ್ಪುನೀರಿನಲ್ಲಿ ಹೋಗಬೇಕು. ಫಾರ್ಮಲಿನ್ ಹಾಕಿದರೆ ವಿಷದ ಪರೀಕ್ಷೆ ಕೆಡುತ್ತದೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಮೇಲಧಿಕಾರಿಗೆ ಕಳಿಸಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಇದೆ. ಕಮಿಷನರಿಗೇ ಕಳಿಸಿ, ಜಿಲ್ಲಾ ಎಸ್‌ಪಿಗೆ ಬರೆದು ವಾರ ಕಳೆಯಬೇಡಿ. 1960ರ ಕಾಯ್ದೆಯ ಕೇಸಿಗೆ ಮೂರೇ ತಿಂಗಳ ಗಡುವು ಎಂಬುದೂ ನೆನಪಿರಲಿ.

ಮುಂದೊಮ್ಮೆ ನಾಯಿ ಇನ್ನೂ ಜೀವಂತ ಸಿಕ್ಕರೆ ಉಪ್ಪುನೀರು, ಮಜ್ಜಿಗೆ ಹೊಯ್ಯಲು ಹೋಗಬೇಡಿ. ನಡುಗುತ್ತಿರುವ ನಾಯಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜೊಲ್ಲು, ನಡುಕ, ಸೂಜಿಮೊನೆಯಷ್ಟಾದ ಕಣ್ಣಪಾಪೆ ಕಂಡರೆ ಹೊಲಕ್ಕೆ ಹೊಡೆಯುವ ಕೀಟನಾಶಕ ಇರಬಹುದು; ಅದಕ್ಕೆ ವೈದ್ಯರ ಬಳಿ ಅಟ್ರೋಪಿನ್ ಇದೆ. ಪಶು ಸಹಾಯವಾಣಿ 1962.

ಪ್ರಶ್ನೆ: ನಾಯಿಗೆ ಕಲ್ಲೆಸೆದರೆ ಕೇಸು, ದ್ಯಾಮವ್ವನ ಜಾತ್ರೆಯಲ್ಲಿ ಕುರಿ ಕಡಿದರೆ ಹಬ್ಬ. ಇದು ತಾರತಮ್ಯವಲ್ಲವೇ?
– ಗದಗದಿಂದ

ಹೌದು, ತಾರತಮ್ಯವೇ. ಇದಕ್ಕೆ ‘ಸ್ಪೀಷೀಸಿಸಂ’ ಎಂಬ ಹೆಸರಿಟ್ಟವರು ರಿಚರ್ಡ್ ರೈಡರ್, 1970ರಲ್ಲಿ: ನೋವು ಒಂದೇ ಆದರೂ ಯಾವ ಪ್ರಾಣಿಯದು ಎಂದು ನೋಡಿ ಲೆಕ್ಕಕ್ಕೆ ಹಿಡಿಯುವುದು. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪದವನ್ನೇ ಬಳಸಿತು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಪ್ರಾಣಿಗೆ ಮೂಲಭೂತ ಹಕ್ಕು ಕೊಟ್ಟ ಪೂರ್ವನಿದರ್ಶನ ನಮ್ಮಲ್ಲಿಲ್ಲ ಎಂದು ಹೇಳಿ, ಕಂಬಳಕ್ಕೆ ಅವಕಾಶ ಕೊಡುವ ಕರ್ನಾಟಕದ ಕಾಯ್ದೆ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. 1960ರ ಕಾಯ್ದೆಯ 28ನೇ ಕಲಂ ಧರ್ಮದ ಪದ್ಧತಿಯಂತೆ ಕೊಲ್ಲುವುದನ್ನು ಅಪರಾಧವೆನ್ನುವುದಿಲ್ಲ. ಹಾಗೆಂದು ನಿಮ್ಮ ಜಾತ್ರೆಗೆ ಅದು ಪೂರ್ತಿ ರಕ್ಷಣೆಯಲ್ಲ: ದೇವಸ್ಥಾನದಲ್ಲಿ, ಅದರ ಆವರಣದಲ್ಲಿ ಬಲಿ ಕೊಡುವುದನ್ನು ಕರ್ನಾಟಕದ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ತಡೆಯುತ್ತದೆ. ದೂರು ಜಾತ್ರೆಗೆ ಮೊದಲೇ ಹೋಗಬೇಕು. ಕುರಿ ಸತ್ತ ಮೇಲೆ ಉಳಿಯುವುದು ಬರೀ ದಂಡದ ಲೆಕ್ಕ.

ಪ್ರಶ್ನೆ: ಚಕ್ಕಡಿ ಎತ್ತನ್ನು ದಿನಕ್ಕೆ ಎಷ್ಟು ತಾಸು ಹೂಡಬಹುದು?
– ಬ್ಯಾಡಗಿ

ಒಟ್ಟು ಒಂಬತ್ತು ತಾಸು, ವಿಶ್ರಾಂತಿಯಿಲ್ಲದೆ ಸತತ ಐದು ತಾಸಿಗಿಂತ ಹೆಚ್ಚಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. 1965ರ ನಿಯಮಗಳಿವು. ತುದಿಗೆ ಮೊಳೆ ಹೊಡೆದ ಕೋಲಿಗೂ ಅದರಲ್ಲೇ ನಿಷೇಧವಿದೆ.